ಕೊರಿಯನ್ ಬಾರ್ಬೆಕ್ಯೂ ಊಟಕ್ಕೆ ಅಮ್ಮನೂ ಬರುತ್ತಿದ್ದಾರೆ, ಏನು ಆರ್ಡರ್ ಮಾಡಲಿ?

ತುಂಗೆಯ_ದಡ:
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರ. ಅಣ್ಣನ ಮಗಳಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿ ಮೊದಲ ಸಂಬಳ ಬಂದಿದೆ. ಈ ಭಾನುವಾರ ಮಧ್ಯಾಹ್ನ ಮನೆಯವರಿಗೆಲ್ಲ ಅವಳದ್ದೇ ಊಟ. ಕಮ್ಮನಹಳ್ಳಿ ಕಡೆ ಒಂದು ಕೊರಿಯನ್ ಬಾರ್ಬೆಕ್ಯೂ ನೋಡಿಟ್ಟಿದ್ದಾಳೆ, ಮೇಜಿನ ಮಧ್ಯೆಯೇ ಒಲೆ ಇಟ್ಟು ನಾವೇ ಸುಟ್ಟುಕೊಂಡು ತಿನ್ನೋದು ಇದೆಯಲ್ಲ, ಅಂಥದ್ದು. ಅಪ್ಪಯ್ಯನಿಗೆ ಹಂದಿ ಅಂದ್ರೆ ಪ್ರಾಣ, ದನದ ಮಾಂಸ ಮುಟ್ಟಲ್ಲ, ಹಲ್ಲು ಸ್ವಲ್ಪ ಕಷ್ಟ. ಅಮ್ಮ ಮಾಂಸ, ಮೀನು ಎರಡೂ ಬಿಟ್ಟಿದ್ದಾರೆ, ಮೊಟ್ಟೆ ತಿನ್ನುತ್ತಾರೆ. ನಮಗೆಲ್ಲ ಈಗಲೂ ಹಂದಿ ಸಾರು, ಕಡುಬು ಮಾಡಿ ಬಡಿಸುತ್ತಾರೆ, ಹಾಗಾಗಿ ವಾಸನೆಯ ತೊಂದರೆ ಇಲ್ಲ. ಆದರೆ ಮಾಂಸಕ್ಕೆ ಹಾಕಿದ ಸೌಟು ಅವರ ತಟ್ಟೆಗೆ ಬರಬಾರದು. "ನೀವು ತಿನ್ನಿ, ನಾನು ಒಂದು ಜ್ಯೂಸ್ ಕುಡಿದು ಕೂತಿರ್ತೀನಿ" ಅಂದರು. ನನಗೆ ಅದೇ ಬೇಡ. ಮೊಮ್ಮಗಳು ಕೊಡಿಸುವ ಮೊದಲ ಊಟ, ಅವರೂ ಹೊಟ್ಟೆ ತುಂಬ ಉಣ್ಣಬೇಕು. ತಿಳಿದವರು ಹೇಳಿ.

ಸಾಗರದವ:
ನಾನು ಸಿಯೋಲ್‌ನಲ್ಲಿ ಕೆಲಸಕ್ಕಿದ್ದವ. ಮೊದಲು ಅಪ್ಪಯ್ಯನ ವಿಷಯ. ಸಮ್‌ಗ್ಯೊಪ್ಸಾಲ್ ತಗೊಳ್ಳಿ. ಅದು ಹಂದಿಯ ಹೊಟ್ಟೆ ಭಾಗ, ಮಸಾಲೆ ಏನೂ ಹಚ್ಚಿರುವುದಿಲ್ಲ, ಸುಟ್ಟು ಉಪ್ಪು ಹಾಕಿದ ಎಳ್ಳೆಣ್ಣೆಗೆ ಅದ್ದಿ ತಿನ್ನೋದು. ನಮ್ಮ ಕಡೆಯವರ ಹಾಗೆ ತೊಗಲಿನ ಸಮೇತ ಬೇಕು ಅಂದರೆ ಓಗ್ಯೊಪ್ಸಾಲ್ ಇದೆಯಾ ಕೇಳಿ, ಜೇಜು ದ್ವೀಪದ ಕಪ್ಪು ಹಂದಿಯನ್ನು ಹಾಗೆಯೇ ತಿನ್ನುತ್ತಾರೆ. ಗಾಲ್ಬಿ (ಪಕ್ಕೆಲುಬಿನ ಮಾಂಸ), ಬುಲ್ಗೋಗಿ (ಮಸಾಲೆ ಹಚ್ಚಿದ ತೆಳು ಮಾಂಸ) ಅಂತ ಬರೀ ಅಷ್ಟೇ ಬರೆದಿದ್ದರೆ ಸಾಮಾನ್ಯವಾಗಿ ದನದ್ದು. ಮುಂದೆ ಡ್ವೇಜಿ ಅಂತ ಸೇರಿದ್ದರೆ ಹಂದಿಯದ್ದು. ಆದರೂ ಬಾಯಿಬಿಟ್ಟು ಕೇಳಿಯೇ ಆರ್ಡರ್ ಮಾಡಿ. ಮಸಾಲೆ ಹಚ್ಚಿದ್ದನ್ನು ಕೊನೆಗೆ ಸುಡಿ, ಅದರಲ್ಲಿ ಸಕ್ಕರೆ ಇರುತ್ತದೆ, ಕಾವಲಿ ಬೇಗ ಸೀದುಹೋಗುತ್ತದೆ. ಸೀದರೆ ಬದಲಾಯಿಸಿ ಕೊಡುತ್ತಾರೆ, ಕೇಳೋಕೆ ಸಂಕೋಚ ಬೇಡ.

ಹಲ್ಲಿನ ಚಿಂತೆಯೂ ಬೇಡ. ಅಲ್ಲಿ ಮಾಂಸ ಕತ್ತರಿಸೋಕೆ ಕತ್ತರಿಯನ್ನೇ ಇಟ್ಟಿರುತ್ತಾರೆ, ಅಪ್ಪಯ್ಯನದ್ದು ಇನ್ನೂ ಸಣ್ಣ ಮಾಡಿ. ಲೆಟ್ಯೂಸ್ ಎಲೆಯಲ್ಲಿ ಮಾಂಸ, ಅನ್ನ, ಸಮ್‌ಜಾಂಗ್ ಅನ್ನೋ ಖಾರದ ಸೋಯಾ ಪೇಸ್ಟ್ ಇಟ್ಟು ಮಡಚಿ ಒಂದೇ ತುತ್ತಿಗೆ ಬಾಯಿಗೆ ಹಾಕೋದು ರೂಢಿ, ಎಲೆ ಅರ್ಧ ಹರಿದುಕೊಂಡರೆ ತುತ್ತು ಚಿಕ್ಕದಾಗುತ್ತದೆ. ಹಾಗೆ ಮಡಚಿ ಪಕ್ಕದವರ ಬಾಯಿಗೆ ಇಡೋದು ಅಲ್ಲಿ ಪ್ರೀತಿ ತೋರಿಸೋ ರೀತಿ. ಮೊಮ್ಮಗಳಿಗೆ ಹೇಳಿ, ಮೊದಲ ತುತ್ತು ಅವಳೇ ತಾತನಿಗೆ ಕೊಡಲಿ. ದೊಡ್ಡವರು ಚಮಚ ಎತ್ತಿದ ಮೇಲೆಯೇ ಉಳಿದವರು ಶುರು ಮಾಡೋದು, ಇದು ಅವರಿಗೆ ಖಂಡಿತ ಹಿಡಿಸುತ್ತದೆ.

ಅಡಿಕೆ_ತೋಟ:
ನಮ್ಮ ಮನೆಯಲ್ಲಿ ಮಾಂಸವಿಲ್ಲ, ಹಾಗಾಗಿ ಅಮ್ಮನ ಬಗ್ಗೆ ನಾನು ಹೇಳುತ್ತೇನೆ. ಇಲ್ಲಿ ಜಾಸ್ತಿ ಹುಷಾರಾಗಿರಿ. ತರಕಾರಿ ತರಹ ಕಾಣುವುದೆಲ್ಲ ಸಸ್ಯಾಹಾರ ಅಲ್ಲ. ಕಿಮ್ಚಿಗೆ, ಅಂದರೆ ಹುಳಿ ಬರಿಸಿದ ಎಲೆಕೋಸಿನ ಉಪ್ಪಿನಕಾಯಿಗೆ, ಹೆಚ್ಚಾಗಿ ಮೀನಿನ ಸಾಸ್ ಅಥವಾ ಉಪ್ಪಲ್ಲಿ ಕೊಳೆಸಿದ ಸಣ್ಣ ಸಿಗಡಿ ಹಾಕಿರುತ್ತಾರೆ. ಸೋಯಾ ಪೇಸ್ಟಿನ ಸಾರು, ಅದೇ ಡ್ವೆನ್‌ಜಾಂಗ್ ಜಿಗೆ, ಅದರ ನೀರು ಒಣಮೀನು ಕುದಿಸಿದ್ದು ಇರಬಹುದು. ತಣ್ಣಗಿನ ನೂಡಲ್ಸ್ ನೀರಿಗೂ ದನದ ಮಾಂಸ ಬೇಯಿಸಿದ ರಸ ಬಳಸುತ್ತಾರೆ. ಕೊರಿಯಾದ ಬೌದ್ಧ ಮಠಗಳಲ್ಲಿ ಮೀನಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದ ಕಿಮ್ಚಿ ಮಾಡುತ್ತಾರೆ, ಅಂದರೆ ಆ ಅಡುಗೆಗೆ ಇದು ಹೊಸದೇನಲ್ಲ. ಮೀನು ಹಾಕದ ಕಿಮ್ಚಿ ಇದೆಯಾ ಅಂತ ಹೋಟೆಲ್‌ಗೆ ಮೊದಲೇ ಫೋನ್ ಮಾಡಿ ಕೇಳಿ.

ಅಮ್ಮನಿಗೆ ಬಿಬಿಂಬಾಪ್ ಹೇಳಿ, ಕಾದ ಕಲ್ಲಿನ ಬಟ್ಟಲಲ್ಲಿ ಬರುವುದು. ಅನ್ನದ ಮೇಲೆ ಪಾಲಕ್, ಕ್ಯಾರೆಟ್, ಮೊಳಕೆ ಕಾಳು, ಅಣಬೆ, ಮೊಟ್ಟೆ. ಮಾಂಸ ಬೇಡ, ಮಾಂಸ ಸೇರಿಸಿದ ಖಾರದ ಪೇಸ್ಟೂ ಬೇಡ ಅಂತ ಸ್ಪಷ್ಟ ಹೇಳಬೇಕು. ತಳದ ಅನ್ನ ಗರಿಗರಿ ಆಗಿರುತ್ತದೆ, ನನಗಂತೂ ಆ ಊಟದಲ್ಲಿ ಅದೇ ಎಲ್ಲಕ್ಕಿಂತ ರುಚಿ. ಜೊತೆಗೆ ಆಲೂಗಡ್ಡೆ ದೋಸೆ ಥರದ್ದು, ಗಮ್ಜಾ ಜೊನ್, ಸಿಕ್ಕರೆ ತಗೊಳ್ಳಿ.

ತುಂಗೆಯ_ದಡ:
ಇಬ್ಬರಿಗೂ ತುಂಬ ಥ್ಯಾಂಕ್ಸ್. ಇನ್ನೊಂದು ಅನುಮಾನ. ಒಲೆ ಮೇಲೆ ಅಣಬೆಯನ್ನೂ ಸುಡುತ್ತಾರಂತೆ, ಅಮ್ಮನಿಗೆ ಅಣಬೆ ಅಂದ್ರೆ ತುಂಬ ಇಷ್ಟ. ಕಾವಲಿಯ ಒಂದು ಮೂಲೆ ಅವರಿಗೆ ಅಂತ ಬಿಟ್ಟರೆ ಆಗಲ್ವಾ?

ಸಾಗರದವ:
ಬೇಡ. ಕಾವಲಿ ಒಂದು ಕಡೆಗೆ ಇಳಿಜಾರಾಗಿದ್ದರೆ ಹಂದಿ ಕೊಬ್ಬು ಕರಗಿ ಆ ಕಡೆಗೇ ಹರಿಯುತ್ತದೆ, ಅಣಬೆ, ಬೆಳ್ಳುಳ್ಳಿ, ಕಿಮ್ಚಿ ಆ ಕೊಬ್ಬಲ್ಲೇ ಹುರಿಯಲಿ ಅಂತ ಬೇಕಂತಲೇ ಅಲ್ಲಿ ಇಡುತ್ತಾರೆ. ಎರಡು ಒಲೆ ಇರುವ ಮೇಜು ಕೇಳಿ. ಇಲ್ಲದಿದ್ದರೆ ಮಾಂಸ ಹಾಕೋ ಮೊದಲೇ, ಹೊಸ ಕಾವಲಿ ಮೇಲೆ, ಬೇರೆ ಇಕ್ಕಳದಲ್ಲಿ ಅಮ್ಮನ ಅಣಬೆ ಸುಟ್ಟು ಕೊಟ್ಟುಬಿಡಿ. ದೊಡ್ಡವರೇ ಮೊದಲು ಶುರು ಮಾಡಿದ ಹಾಗೂ ಆಯಿತು.

ಗಾಜನೂರು_ಕಡೆಯವಳು:
ಇದು ಸರಿ. ಅಮ್ಮನನ್ನು ಮೇಜಿನ ತುದಿಗೆ ಕೂರಿಸಬೇಡಿ, ಮೊಮ್ಮಗಳ ಪಕ್ಕದಲ್ಲೇ ಕೂರಲಿ. ನಂಚಿಕೊಳ್ಳೋಕೆ ಕೊಡುವ ಸಣ್ಣ ಬಟ್ಟಲುಗಳು ಖಾಲಿಯಾದರೆ ಸಾಮಾನ್ಯವಾಗಿ ದುಡ್ಡಿಲ್ಲದೆ ಮತ್ತೆ ತುಂಬಿಸುತ್ತಾರೆ, ಅದರಲ್ಲಿ ಅವರಿಗೆ ಆಗುವಂಥವು ಯಾವುದು ಅಂತ ಕೇಳಿ ಬೇರೆ ಒಂದು ಸೆಟ್ ಇಡಿಸಿ. ಭಾನುವಾರ ಮಧ್ಯಾಹ್ನ ಗಲಾಟೆ ಜಾಸ್ತಿ, ಸರ್ವರ್‌ಗೆ ಇಷ್ಟೆಲ್ಲ ಕೇಳಿಸಿಕೊಳ್ಳೋಕೆ ಪುರುಸೊತ್ತು ಇರಲ್ಲ. ಶನಿವಾರವೇ ಫೋನ್ ಮಾಡಿ ಹೇಳಿಬಿಡಿ.