ಸ್ವೀಕರಿಸಲಾಗಿದೆ

ಅರ್ಜಿ ಹಾಕಿದ ರಾತ್ರಿ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ‘ನಿಮ್ಮ ಅರ್ಜಿಯನ್ನು ಸ್ವೀಕರಿಸಲಾಗಿದೆ’ ಎಂಬ ಸಾಲು ಮೂಡಿತು. ನಲವತ್ತಾರು ವರ್ಷದ ನಾನು ಕುರ್ಚಿಯಿಂದ ಎದ್ದು ಕುಣಿದೆ. ಮಲಗಿದ್ದ ಹೆಂಡತಿಯನ್ನು ಎಬ್ಬಿಸಿದೆ. ಮೂವರು ಗೆಳೆಯರಿಗೆ ಫೋನ್ ಮಾಡಿದೆ. ವಕೀಲ ಅಭಿನಂದಿಸಿದ, ಆಡಿಟರ್ ಶುಲ್ಕವೆಷ್ಟು ಎಂದು ಕೇಳಿದ. ನಿವೃತ್ತ ಕನ್ನಡ ಮೇಷ್ಟರು ಮಾತ್ರ ಒಂದು ಗಳಿಗೆ ಸುಮ್ಮನಿದ್ದು, “ಸ್ವೀಕರಿಸಿರುವುದು ಅರ್ಜಿಯನ್ನೋ ನಿನ್ನನ್ನೋ? ದ್ವಿತೀಯಾ ವಿಭಕ್ತಿ ಯಾವುದಕ್ಕೆ ಹತ್ತಿದೆ, ನೋಡಿ ಹೇಳು” ಎಂದರು.

ನೋಡಿದೆ. ಅರ್ಜಿಗೆ ಹತ್ತಿತ್ತು.

ಅದಾಗಿ ಒಂಬತ್ತು ವಾರ ಕಳೆದವು. ಆ ಸಾಲು ಅಲ್ಲಿಂದ ಕದಲಿಲ್ಲ. ನಾನೂ ಕದಲಿಲ್ಲ. ಕಣ್ಣು ಬಿಡುತ್ತಲೇ ಮೊಬೈಲ್ ತೆಗೆದು ಆ ಸಾಲನ್ನು ನೋಡುತ್ತೇನೆ. ಬಳಿಕ ಇಮೇಲ್, ಬಳಿಕ ಸ್ಪ್ಯಾಮ್ ಪೆಟ್ಟಿಗೆ. ಸ್ಪ್ಯಾಮ್ ಪೆಟ್ಟಿಗೆಯನ್ನು ಇಷ್ಟು ಭಕ್ತಿಯಿಂದ ಪಾರಾಯಣ ಮಾಡುವವನು ಈ ಭೂಮಿಯ ಮೇಲೆ ಇನ್ನೊಬ್ಬ ಇರಲಾರ. ಈ ಅವಧಿಯಲ್ಲಿ ನನಗೆ ಎರಡು ಲಾಟರಿ ಹೊಡೆದಿವೆ, ಯಾವನೋ ರಾಜಕುಮಾರ ತನ್ನ ಆಸ್ತಿಯನ್ನೆಲ್ಲ ನನ್ನ ಹೆಸರಿಗೆ ಬರೆದಿದ್ದಾನೆ. ಬಿ.ಎ. ಮೊದಲ ವರ್ಷದಲ್ಲಿ ಒಂದು ಸೀಟು ಮಾತ್ರ ಯಾರೂ ಕೊಡುತ್ತಿಲ್ಲ.

ಮನೆಯಲ್ಲಿ ಮಗಳೂ ಇದೇ ಋತುವಿನಲ್ಲಿ ಅರ್ಜಿ ಹಾಕಿದ್ದಳು. ಅವಳು ಕಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಇಡೀ ತರಗತಿ ಒಟ್ಟಿಗೆ ಕಾಯುತ್ತಿತ್ತು. ಒಬ್ಬಳು ಅತ್ತರೆ ಹತ್ತು ಜನ ಸಮಾಧಾನ ಹೇಳುತ್ತಿದ್ದರು, ಒಬ್ಬನಿಗೆ ಪತ್ರ ಬಂದರೆ ಎಲ್ಲರ ಫೋನೂ ಟಿಣ್ ಎನ್ನುತ್ತಿತ್ತು. ಹದಿನೆಂಟರ ಕಾಯುವಿಕೆ ಒಂದು ಮದುವೆಯ ದಿಬ್ಬಣದಂತೆ. ನಲವತ್ತಾರರಲ್ಲಿ ನನ್ನ ಓರಗೆಯವರೂ ಕಾಯುತ್ತಿದ್ದಾರೆ, ಇಲ್ಲವೆಂದಲ್ಲ: ರಕ್ತಪರೀಕ್ಷೆಯ ವರದಿಗೆ, ಬಡ್ತಿಗೆ, ಮಕ್ಕಳು ಮನೆಗೆ ಮರಳುವುದಕ್ಕೆ. ಅವರ ಮುಂದೆ ನಿಂತು ‘ಕಾಲೇಜಿನಿಂದ ಪತ್ರ ಬಂದಿಲ್ಲ’ ಎಂದು ಹೇಳಿಕೊಳ್ಳುವುದು ಹೇಗೆ? ಹೇಳಿದರೆ, “ಮಗಳಿಗೆ ತಾನೆ? ಬರುತ್ತದೆ ಬಿಡಿ” ಎನ್ನುತ್ತಾರೆ.

ಹಾಗಾಗಿ ನನ್ನ ಜೊತೆ ಕಾಯುವ ಹೊಣೆಯನ್ನು ಮೂವರು ಗೆಳೆಯರೇ ಹೊತ್ತುಕೊಂಡರು. ಪ್ರತಿ ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಸೇರಿ ಸಾಮೂಹಿಕವಾಗಿ ಕಾಯುತ್ತಾರೆ. ನನ್ನ ಕಾಯುವಿಕೆಯಿಂದ ಅವರಿಗೆ ಆಗಿರುವ ಕಾಲಕ್ಷೇಪಕ್ಕೆ ನಾನು ಶುಲ್ಕ ಹಾಕಬೇಕಿತ್ತು.

ಕಳೆದ ಭಾನುವಾರ ವಕೀಲ ಬಾಗಿಲಲ್ಲೇ ಶುರು ಮಾಡಿದ. “ಇದು ನ್ಯಾಯವೇ? ಅಮೆರಿಕದ ಬಹುಪಾಲು ಕಾಲೇಜುಗಳಲ್ಲಿ ಸೀಟು ಸಿಕ್ಕಿದ ವಿದ್ಯಾರ್ಥಿ ಮೇ 1ರೊಳಗೆ ಬರುತ್ತೇನೋ ಇಲ್ಲವೋ ಎಂದು ತಿಳಿಸಬೇಕು. ಅವರಿಗೆ ನಮ್ಮ ಉತ್ತರ ಬೇಕಾದರೆ ತಾರೀಖು ಉಂಟು. ನಮಗೆ ಅವರ ಉತ್ತರ ಬೇಕಾದರೆ? ಪಂಚಾಂಗವೇ ಇಲ್ಲ. ವಿಳಂಬವೇ ಅನ್ಯಾಯ. ನಾನಾಗಿದ್ದರೆ ಮೂರನೆಯ ವಾರಕ್ಕೇ ನೋಟಿಸ್ ಕಳುಹಿಸುತ್ತಿದ್ದೆ.”

“ಇವನು ಅರ್ಜಿ ಹಾಕಿರುವ ಕಡೆ ರೋಲಿಂಗ್ ಪದ್ಧತಿ,” ಎಂದ ಆಡಿಟರ್. ಅವನು ಲೆಕ್ಕದವನು, ಕೋಪ ಅವನ ಖಾತೆಯಲ್ಲಿಲ್ಲ. “ಎಲ್ಲರಿಗೂ ಒಂದೇ ದಿನ ಫಲಿತಾಂಶ ಎಂಬುದಿಲ್ಲ. ಕಡತಗಳು ಪೂರ್ಣವಾದಂತೆ ಒಂದೊಂದಾಗಿ ಓದಿ ತೀರ್ಮಾನ ಹೇಳುತ್ತಾರೆ. ಕಡತ ಪೂರ್ಣವಾದ ದಿನದಿಂದ ಎಂಟು ವಾರ ಎಂದು ಅವರೇ ಬರೆದಿದ್ದಾರೆ. ಒಂದು ವಾರ ಹೆಚ್ಚಾಗಿದೆ, ಅಷ್ಟೆ.”

“ವಯಸ್ಸು ನೋಡಿ ಪಕ್ಕಕ್ಕಿಟ್ಟಿರುತ್ತಾರೆ,” ಎಂದೆ ನಾನು. ಒಂಬತ್ತು ವಾರದಲ್ಲಿ ಈ ವಾಕ್ಯವನ್ನು ನಾನು ಎಷ್ಟು ಬಾರಿ ಆಡಿದ್ದೇನೆಂದರೆ, ಈಗ ಅದಕ್ಕೆ ಗೋಡೆಗಳೂ ತಲೆಯಾಡಿಸುತ್ತವೆ.

“ವಯಸ್ಸು?” ಆಡಿಟರ್ ನಕ್ಕ. “ಬ್ರಿಟನ್ನಿನಲ್ಲಿ ಪದವಿಗೆ ಸೇರುವಾಗ 21 ತುಂಬಿದ್ದರೆ ಸಾಕು, ಅವನನ್ನು ಪ್ರೌಢ ವಿದ್ಯಾರ್ಥಿ ಎನ್ನುತ್ತಾರೆ.”

“ಇಪ್ಪತ್ತೊಂದಕ್ಕೇ ಪ್ರೌಢನಾದರೆ ನಾನು ಯಾರು?”

“ಶಿಲಾಶಾಸನ,” ಎಂದರು ಮೇಷ್ಟರು.

ಅರ್ಜಿಯಲ್ಲಿ ನನ್ನ ವರ್ಗದ ಹೆಸರು ‘ಸಾಂಪ್ರದಾಯಿಕವಲ್ಲದ ವಿದ್ಯಾರ್ಥಿ’ ಎಂದಿತ್ತು. ಅದನ್ನು ಗುರುತು ಮಾಡುವಾಗ ಕೈ ಸ್ವಲ್ಪ ನಡುಗಿದ್ದು ನಿಜ. ಜೀವಮಾನದಲ್ಲಿ ಒಂದು ಸಂಪ್ರದಾಯವನ್ನೂ ಮುರಿದವನಲ್ಲ ನಾನು. ಹೇಳಿದ ವಯಸ್ಸಿಗೆ ಕೆಲಸ ಹಿಡಿದೆ, ಹೇಳಿದ ವಯಸ್ಸಿಗೆ ಮದುವೆಯಾದೆ, ಕಂತು ತಪ್ಪದೆ ಕಟ್ಟಿದೆ. ಇಷ್ಟೆಲ್ಲ ಸಂಪ್ರದಾಯ ಪಾಲಿಸಿದ್ದಕ್ಕೇ ನಾನು ಅಸಾಂಪ್ರದಾಯಿಕನಾದೆ ಎಂಬುದು ಈಗ ತಿಳಿಯಿತು.

“ಅದಕ್ಕೂ ಒಂದು ಲೆಕ್ಕವಿದೆ,” ಎಂದು ಆಡಿಟರ್ ಬೆರಳು ಮಡಚಲು ಸಿದ್ಧನಾದ. “ಅಮೆರಿಕದ ಶಿಕ್ಷಣ ಇಲಾಖೆಯ ಅಂಕಿಅಂಶ ಕೇಂದ್ರ ಏಳು ಲಕ್ಷಣ ಹೇಳುತ್ತದೆ. ಒಂದಿದ್ದರೆ ಅಲ್ಪ ಅಸಾಂಪ್ರದಾಯಿಕ, ಎರಡು ಮೂರಿದ್ದರೆ ಮಧ್ಯಮ, ನಾಲ್ಕು ಅಥವಾ ಹೆಚ್ಚಿದ್ದರೆ ಅತಿ. ಶಾಲೆ ಮುಗಿದ ವರ್ಷವೇ ಕಾಲೇಜು ಸೇರದಿರುವುದು?”

“ಇಪ್ಪತ್ತೆಂಟು ವರ್ಷ ತಡ.”

“ಒಂದು. ಅರೆಕಾಲಿಕ ಓದು? ಎರಡು. ಪೂರ್ಣಕಾಲಿಕ ಉದ್ಯೋಗ? ಮೂರು. ಹಣಕಾಸಿಗೆ ಹೆತ್ತವರನ್ನು ಅವಲಂಬಿಸದಿರುವುದು? ನಾಲ್ಕು. ಹೆಂಡತಿಯಲ್ಲದೆ ಬೇರೆ ಅವಲಂಬಿತರು? ಮಗಳಿದ್ದಾಳೆ, ಐದು. ಶಾಲೆಯ ಪ್ರಮಾಣಪತ್ರ ಇಲ್ಲದಿರುವುದು? ನಿನಗಿದೆ, ಅದು ಹೋಯಿತು. ಉಳಿದದ್ದು ಒಂದು. ಸಂಗಾತಿಯಿಲ್ಲದೆ ಒಂಟಿಯಾಗಿ ಮಕ್ಕಳನ್ನು ಸಾಕುತ್ತಿರುವುದು.”

ಒಳಗಿನಿಂದ ಹೆಂಡತಿಯ ದನಿ ಕೇಳಿಸಿತು. “ಮಧ್ಯರಾತ್ರಿ ಎರಡು ಗಂಟೆಗೆ ಎದ್ದು ಆ ಸಾಲು ನೋಡುವುದು ಇನ್ನೊಂದು ವಾರ ಮುಂದುವರಿದರೆ, ಅದನ್ನು ನಾನು ಒದಗಿಸಿಕೊಡುತ್ತೇನೆ.”

ಆಡಿಟರ್ ಆರನೆಯ ಬೆರಳನ್ನು ಅರ್ಧ ಮಡಚಿ ಹಾಗೇ ಇಟ್ಟುಕೊಂಡ.

ವಿಷಯ ಬದಲಿಸಲು ನಾನು ಪ್ರಬಂಧದ ಮಾತೆತ್ತಿದೆ. ನನ್ನ ಅನುಮಾನವೆಲ್ಲ ಅದರ ಮೇಲೆಯೇ. ‘ನಿಮ್ಮನ್ನು ರೂಪಿಸಿದ ಅನುಭವದ ಬಗ್ಗೆ ಬರೆಯಿರಿ, 650 ಪದ ಮೀರಬಾರದು’ ಎಂದಿದ್ದರು. ಹದಿನೆಂಟರವರಿಗೆ ಆ ಮಿತಿ ಸರಿ. ಬದುಕನ್ನು ಎಷ್ಟು ಹಿಂಜಿದರೂ ಮುನ್ನೂರರಲ್ಲಿ ಮುಗಿಯುತ್ತದೆ. ನನ್ನ ಮೊದಲ ಕರಡು ನಾಲ್ಕು ಸಾವಿರ ಪದವಿತ್ತು ಮತ್ತು ನಾನಿನ್ನೂ ಮೊದಲ ಉದ್ಯೋಗಕ್ಕೆ ಸೇರಿರಲಿಲ್ಲ. ಕತ್ತರಿಸುತ್ತಾ ಹೋದೆ. ಅಪ್ಪನ ಕಾಯಿಲೆ ಎರಡು ವಾಕ್ಯಕ್ಕೆ ಇಳಿಯಿತು. ಮದುವೆ ಒಂದು ಅಲ್ಪವಿರಾಮಕ್ಕೆ ಇಳಿಯಿತು. ಇದನ್ನು ಹೆಂಡತಿಗೆ ಹೇಳಿಲ್ಲ.

ಶಿಫಾರಸು ಪತ್ರಗಳದು ಇನ್ನೊಂದು ಕಥೆ. ಎರಡು ಬೇಕಿದ್ದವು. ನನಗೆ ಪಾಠ ಹೇಳಿದ ಗುರುಗಳಲ್ಲಿ ಈಗಲೂ ಪತ್ರ ಬರೆಯಬಲ್ಲ ಸ್ಥಿತಿಯಲ್ಲಿರುವವರು ಒಬ್ಬರೇ. ಅವರಿಗೆ ನನ್ನ ನೆನಪಿಲ್ಲ, ನೆನಪಿದ್ದಿದ್ದರೆ ಬರೆಯುತ್ತಿರಲಿಲ್ಲ. ಹೀಗಾಗಿ ಒಂದನ್ನು ನನಗಿಂತ ಹನ್ನೆರಡು ವರ್ಷ ಕಿರಿಯನಾದ ನನ್ನ ಮೇಲಧಿಕಾರಿ ಬರೆದ. ‘ಈ ಹುಡುಗನಿಗೆ ಒಳ್ಳೆಯ ಭವಿಷ್ಯವಿದೆ’ ಎಂಬ ಧಾಟಿಯಲ್ಲಿತ್ತು. ಇನ್ನೊಂದಕ್ಕೆ ವಕೀಲ ತಾನಾಗಿಯೇ ಎದೆ ತಟ್ಟಿ ಮುಂದೆ ಬಂದಿದ್ದ. ನನ್ನ ಪರವಾಗಿ ಅವನು ವಾದಿಸಿದರೆ ಮೇಲ್ಮನವಿಗೂ ಅವಕಾಶವಿರುವುದಿಲ್ಲ ಎಂದಿದ್ದ.

“ಪ್ರಬಂಧದ ಚಿಂತೆ ಬಿಡು,” ಎಂದರು ಮೇಷ್ಟರು. “ನನಗೆ ಕಾಡುತ್ತಿರುವುದು ಆ ‘ಸ್ವೀಕರಿಸಲಾಗಿದೆ’. ಕರ್ಮಣಿ ಪ್ರಯೋಗ ನೋಡು. ಕರ್ತೃವೇ ಇಲ್ಲ. ಯಾರು ಸ್ವೀಕರಿಸಿದರು? ಕುಲಪತಿಯೋ, ಕಂಪ್ಯೂಟರೋ, ಕಾವಲುಗಾರನೋ? ಹೊಣೆ ತಪ್ಪಿಸಿಕೊಳ್ಳಬೇಕಾದವರೆಲ್ಲ ಕರ್ಮಣಿಯಲ್ಲೇ ಮಾತನಾಡುತ್ತಾರೆ.”

“ಮೇಷ್ಟರೇ, ಅದೇ ನನ್ನ ವಾದ!” ವಕೀಲ ಮತ್ತೆ ಎದ್ದು ನಿಂತ. “ಒಬ್ಬ ಮನುಷ್ಯನನ್ನು ಒಂಬತ್ತು ವಾರ ತೂಗುಹಾಕುವುದು ಎಂಥ ಬೇಜವಾಬ್ದಾರಿ! ಯಾವನೋ ಒಬ್ಬ ತನ್ನ ಮೇಜಿನ ಮೇಲಿನ ಒಂದು ಕಾಗದವನ್ನು ಮುಟ್ಟದೆ ಕುಳಿತಿದ್ದಾನೆ. ಅವನು ಯಾರೆಂದು ನನಗೆ ಗೊತ್ತಾದರೆ ಸಾಕು.”

“ನಿನ್ನ ವೃತ್ತಿಯವರೇ ಇದರಲ್ಲಿ ನುರಿತವರು,” ಎಂದ ಆಡಿಟರ್. “ಕ್ಯಾಲಿಫೋರ್ನಿಯಾದಲ್ಲಿ ವಕೀಲಿ ಪರೀಕ್ಷೆ ಬರೆದವರು ಫಲಿತಾಂಶಕ್ಕೆ ನಾಲ್ಕು ತಿಂಗಳು ಕಾಯಬೇಕಿತ್ತು. ಹಾಗೆ ಕಾಯುತ್ತಿದ್ದವರ ಮೇಲೆ ಕೇಟ್ ಸ್ವೀನಿ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರು ಒಂದು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದರು. ಆತಂಕ ತಗ್ಗಿಸಲು ಕಾಯುತ್ತಿದ್ದವರು ಹೂಡಿದ ಉಪಾಯಗಳು ಹೆಚ್ಚಿನ ಮಟ್ಟಿಗೆ ಫಲಿಸಲೇ ಇಲ್ಲ. ಆದರೆ ನರಳಿ ನರಳಿ ಕಾದವರಿದ್ದಾರಲ್ಲ, ಅವರು ಕೆಟ್ಟ ಸುದ್ದಿ ಬಂದಾಗ ಉಳಿದವರಿಗಿಂತ ಚೆನ್ನಾಗಿ ತಡೆದುಕೊಂಡರು. ಒಳ್ಳೆಯ ಸುದ್ದಿ ಬಂದಾಗ ಹೆಚ್ಚು ಹಿಗ್ಗಿದರು. ನೆಮ್ಮದಿಯಾಗಿ ಕಾದವರಿಗೆ ಎರಡರಲ್ಲೂ ನಷ್ಟ.”

ಈ ಅಧ್ಯಯನ ನನಗೆ ಬಹಳ ಹಿಡಿಸಿತು. ಒಂಬತ್ತು ವಾರದ ನರಳಿಕೆ ವ್ಯರ್ಥವಲ್ಲ, ಅದು ಠೇವಣಿ. ಈ ಲೆಕ್ಕದಲ್ಲಿ ನನ್ನಷ್ಟು ಬಡ್ಡಿ ಬರಬೇಕಾದವನು ಬೇರೊಬ್ಬನಿಲ್ಲ. ಒಳಗೆ ಕೇಳಿಸುವಂತೆ ಇನ್ನೊಮ್ಮೆ ಹೇಳು ಎಂದೆ. ಅವನು ಹೇಳಿದ. ಒಳಗಿನಿಂದ ಉತ್ತರ ಬರಲಿಲ್ಲ.

“ನೋಲಾ ಆಕ್ಸ್ ಹೆಸರು ಕೇಳಿದ್ದೀಯಾ?” ಆಡಿಟರ್‌ಗೆ ಹುರುಪು ಬಂದಿತ್ತು. “ಅಮೆರಿಕದ ಕ್ಯಾನ್ಸಸ್ ರಾಜ್ಯದ ಅಜ್ಜಿ. 2007ರಲ್ಲಿ ಪದವಿ ಪಡೆದಾಗ 95 ವರ್ಷ. ಅದೇ ಸಮಾರಂಭದಲ್ಲಿ ಮೊಮ್ಮಗಳೂ ಪದವಿ ಪಡೆದಳು. ಅಜ್ಜಿ ಅಷ್ಟಕ್ಕೆ ಬಿಡಲಿಲ್ಲ. 98ಕ್ಕೆ ಸ್ನಾತಕೋತ್ತರ ಪದವಿಯನ್ನೂ ಮುಗಿಸಿದಳು.”

ಇಂಥ ಉದಾಹರಣೆಗಳಿಂದ ಜನ ಏಕೆ ಸಮಾಧಾನ ಹೇಳುತ್ತಾರೋ ಕಾಣೆ. ಅಜ್ಜಿಯ ಮೇಲೆ ನನಗೆ ಗೌರವವಿದೆ. ಆದರೆ ‘ಇನ್ನೂ ಐವತ್ತು ವರ್ಷ ಸಮಯವಿದೆ’ ಎಂದು ಕೇಳಿಸಿಕೊಂಡವನಿಗೆ ಕಾಯುವಿಕೆ ಕಡಿಮೆಯಾದಂತೆ ಅನ್ನಿಸುವುದಿಲ್ಲ.

“ಅಂದರೆ ನಾನೂ ಅಪ್ಪನ ಜೊತೆ ಗೌನು ಹಾಕಿಕೊಳ್ಳಬೇಕಾಗಬಹುದು,” ಎಂದಳು ಅಷ್ಟರಲ್ಲಿ ಬಂದ ಮಗಳು. ಅವಳಿಗೆ ಆಗಲೇ ಎರಡು ಕಡೆ ಸೀಟು ಸಿಕ್ಕಿದೆ. ಆ ಸುಖ ದನಿಯಲ್ಲೇ ಇತ್ತು. ನನ್ನ ಮೊಬೈಲ್ ಕೈಗೆತ್ತಿಕೊಂಡು ನೋಡಿದಳು. “ಅಪ್ಪಾ, ಈ ಸಾಲಿನ ಪಕ್ಕ ಒಂದು ಪುಟ್ಟ ಬಾಣದ ಗುರುತಿದೆಯಲ್ಲ, ಒತ್ತಿ ನೋಡಿದ್ದೀರಾ?”

“ಅದು ಅಲಂಕಾರ.”

“ಅದು ವಿವರ.” ಒತ್ತಿದಳು. ಸಾಲಿನ ಕೆಳಗೆ ಒಂದು ಪಟ್ಟಿ ಬಿಚ್ಚಿಕೊಂಡಿತು. ಒಂಬತ್ತು ವಾರ, ದಿನಕ್ಕೆ ನಲವತ್ತು ಸಲ ನಾನು ಆ ಬಾಗಿಲ ಚಿಲಕವನ್ನೇ ನೋಡುತ್ತಾ ನಿಂತಿದ್ದೆ, ಬಾಗಿಲು ತಳ್ಳಿರಲಿಲ್ಲ. ಅಂಕಪಟ್ಟಿ, ಹಸಿರು ಗುರುತು. ಗುರುತಿನ ಚೀಟಿ, ಹಸಿರು. ಪ್ರಬಂಧ, ಹಸಿರು. ಶಿಫಾರಸು ಪತ್ರ ಒಂದು, ಹಸಿರು. ಕೊನೆಯದರ ಮುಂದೆ ಒಂದು ಮರಳು ಗಡಿಯಾರ. ಮಗಳು ಗಟ್ಟಿಯಾಗಿ ಓದಿದಳು: “ಶಿಫಾರಸು ಪತ್ರ ಎರಡು. ನಿರೀಕ್ಷಿಸಲಾಗುತ್ತಿದೆ.”

“ಮತ್ತೆ ಕರ್ಮಣಿ,” ಎಂದರು ಮೇಷ್ಟರು. ಆಮೇಲೆ ನಿಧಾನವಾಗಿ ತಲೆಯೆತ್ತಿದರು. “ಆದರೆ ಈ ಸಲ ಕರ್ತೃ ಯಾರೆಂದು ಗೊತ್ತಾಗುತ್ತದೆ. ಅವರು ನಿರೀಕ್ಷಿಸುತ್ತಿದ್ದಾರೆ. ನಮ್ಮನ್ನು.”

ಎಲ್ಲರೂ ವಕೀಲನ ಕಡೆ ತಿರುಗಿದೆವು. ಅವನು ಇನ್ನೂ ನಿಂತೇ ಇದ್ದ.

“ನನಗೆ ಯಾವ ನೋಟಿಸೂ ಜಾರಿಯಾಗಿಲ್ಲ,” ಎಂದ. ಕಚೇರಿಯ ಇಮೇಲ್ ತೆರೆದ. ಮೂರು ಜ್ಞಾಪನೆಗಳಿದ್ದವು. ಮೂರನ್ನೂ ಅವನ ಗುಮಾಸ್ತ ಶ್ರದ್ಧೆಯಿಂದ ‘ಜಾಹೀರಾತು’ ಎಂಬ ಕಡತಕ್ಕೆ ಸೇರಿಸಿದ್ದ. ವಕೀಲ ಕುಳಿತುಕೊಂಡ.

“ಕಡತ ಪೂರ್ಣವಾದ ದಿನದಿಂದ ಎಂಟು ವಾರ,” ಆಡಿಟರ್ ತನ್ನಷ್ಟಕ್ಕೆ ಹೇಳಿಕೊಂಡ. “ಅಂದರೆ ಇದುವರೆಗೆ ಆಗಿರುವುದು ಸೊನ್ನೆ ವಾರ.”

ಮುಂದಿನ ಮುಕ್ಕಾಲು ಗಂಟೆ ವಕೀಲ ಬೆವರುತ್ತಾ ಪತ್ರ ಬರೆದ. ಸುತ್ತ ನಾಲ್ವರು ನಿಂತು ನೋಡುತ್ತಿದ್ದುದರಿಂದ ನನ್ನ ಗುಣಗಾನದಲ್ಲಿ ಎಲ್ಲೂ ಕೊರತೆಯಾಗಲಿಲ್ಲ. ಕೊನೆಯಲ್ಲಿ ಒಂದು ಪ್ರಶ್ನೆಗೆ ಬಂದು ತಡೆದ. “ಅಭ್ಯರ್ಥಿ ವಹಿಸಿಕೊಂಡ ಕೆಲಸವನ್ನು ಸಮಯಕ್ಕೆ ಮುಗಿಸುತ್ತಾನೆಯೇ? ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳುತ್ತಿದ್ದಾರೆ.”

“ಅದನ್ನು ಅವರು ಕೇಳುತ್ತಿರುವುದು ಯಾರನ್ನು ಎಂದು ಮೊದಲು ಯೋಚಿಸಿ,” ಎಂದಳು ಒಳಗಿನಿಂದ ಬಂದ ಹೆಂಡತಿ.

ವಕೀಲ ನಾಲ್ಕು ಕೊಟ್ಟ. ಐದು ಕೊಟ್ಟರೆ ನಂಬುವುದಿಲ್ಲವಂತೆ. ಗುಂಡಿ ಒತ್ತಿದ. ಮರಳು ಗಡಿಯಾರ ಮಾಯವಾಗಿ ಹಸಿರು ಗುರುತು ಬಂತು. ಒಂದೆರಡು ನಿಮಿಷದಲ್ಲಿ, ಒಂಬತ್ತು ವಾರದಿಂದ ಕದಲದಿದ್ದ ಆ ಮೇಲಿನ ಸಾಲು ಕದಲಿತು: ‘ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ.’

ಮೇಷ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಇಲ್ಲಿ ಸಪ್ತಮೀ ವಿಭಕ್ತಿಯನ್ನು ಗಮನಿಸಬೇಕು,” ಎಂದರು.