ಬ್ಯಾಕ್ಟೀರಿಯಾ ಎಣ್ಣೆಯಿಂದ ಡೀಸೆಲ್: ತೊಡಕು ಎಲ್ಲಿದೆ?

ಪ್ರಶ್ನೆ: ನಾನು ಸೂಕ್ಷ್ಮಜೀವಶಾಸ್ತ್ರದ ವಿದ್ಯಾರ್ಥಿನಿ. ಸಾರಜನಕ ಕಡಿಮೆ ಮಾಡಿ ಬೆಳೆಸಿದ ರೋಡೋಕಾಕಸ್ ಓಪೇಕಸ್ ಎಂಬ ಬ್ಯಾಕ್ಟೀರಿಯಾದ ಕೋಶಗಳಿಗೆ ಕಳೆದ ವಾರ ಎಣ್ಣೆಯನ್ನು ಹೊಳೆಯಿಸುವ ನೈಲ್ ರೆಡ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಒಳಗೆಲ್ಲ ಹೊಂಬಣ್ಣದಲ್ಲಿ ಹೊಳೆಯುವ ಎಣ್ಣೆಯ ಹನಿಗಳು! ಕಣ್ಣು ಕೀಳಲಾಗಲಿಲ್ಲ. ಇದರ ಪಿಡಿ630 ತಳಿ ಒಣ ತೂಕದ ಮುಕ್ಕಾಲು ಪಾಲನ್ನು ಎಣ್ಣೆಯಾಗಿ ಕೂಡಿಡಬಲ್ಲದು ಎಂದು ಜರ್ಮನಿಯ ಸಂಶೋಧಕರು 1990ರ ದಶಕದಲ್ಲೇ ತೋರಿಸಿದ್ದಾರೆ. ಹಾಗಿದ್ದೂ ಬಂಕಿನಲ್ಲಿ ಈ ಡೀಸೆಲ್ ಏಕಿಲ್ಲ?

ಉತ್ತರ 1: ಮೇವಿನ ಖರ್ಚು. ಒಂದು ಕಿಲೋ ಗ್ಲೂಕೋಸಿಗೆ ಕಾಗದದ ಲೆಕ್ಕದಲ್ಲೇ ಸುಮಾರು 300 ಗ್ರಾಂ ಎಣ್ಣೆ. ಕೈಗೆ ಬರುವುದು ಇನ್ನೂ ಕಡಿಮೆ. ಸಕ್ಕರೆ ಕೊಂಡು ಡೀಸೆಲ್ ಮಾಡಿದರೆ ಗಿಟ್ಟುವುದಿಲ್ಲ.

ಉತ್ತರ 2: ಎಣ್ಣೆ ಹೊರಗೆ ಬರುವುದಿಲ್ಲ ಎಂಬುದೂ ಇದೆ. ಕೋಶ ಒಡೆಯಬೇಕು, ದ್ರಾವಕದಿಂದ ಎಣ್ಣೆ ತೆಗೆಯಬೇಕು, ಆಮೇಲೆ ಅದನ್ನು ಡೀಸೆಲ್‌ಗೆ ಬೇಕಾದ ಎಸ್ಟರ್ ಎಂಬ ಸಂಯುಕ್ತವಾಗಿಸಲು ಮೆಥನಾಲ್ ಜೊತೆ ವರ್ತಿಸುವಂತೆ ಮಾಡಬೇಕು. 2010ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ವಂಶವಾಹಿಗಳನ್ನು ತಿದ್ದಿ, ಅದೇ ನೇರವಾಗಿ ಇಂಥ ಎಸ್ಟರ್ ತಯಾರಿಸುವಂತೆ ಮಾಡಿದರು. ಓದಿ ನೋಡಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಒಡೆದಾಗ ಬರುವ ಬೆಂಜೋಯೇಟ್‌ನಂಥ ಸಂಯುಕ್ತಗಳನ್ನೂ ನನ್ನ ರೋಡೋಕಾಕಸ್ ತಿನ್ನುತ್ತದೆಯಲ್ಲ! ಸಕ್ಕರೆ ಬಿಟ್ಟು ಅದನ್ನೇ ಉಣಿಸಿ ನೋಡುತ್ತೇನೆ. ಸೋಮವಾರವೇ ಹೊಸ ಫ್ಲಾಸ್ಕ್ ಇಡುತ್ತೇನೆ.