ಹ್ಯಾಂಬರ್ಗಿನಲ್ಲಿ ನಮ್ಮ ಮನೆಯ ಪ್ಯಾಶನ್ ಫ್ರೂಟ್ ಶರಬತ್ತಿನ ರುಚಿ ಬರಬೇಕಾದರೆ ಏನು ಮಾಡಬೇಕು?

ಮಕ್ಕಂದೂರಿನ ಮಗಳು, ಹ್ಯಾಂಬರ್ಗ್:

ಎಲ್ಲರಿಗೂ ನಮಸ್ಕಾರ. ಮಡಿಕೇರಿಯ ಸಮೀಪದ ಮಕ್ಕಂದೂರು ನನ್ನ ತವರು. ಮದುವೆಯಾದ ಮೇಲೆ ಆರು ವರ್ಷಗಳಿಂದ ಜರ್ಮನಿಯಲ್ಲಿದ್ದೇನೆ. ಇಲ್ಲಿ ಜೂನ್, ಜುಲೈ ತಿಂಗಳಲ್ಲಿ ಕೆಲವು ದಿನ ಬಿಸಿಲು 30 ಡಿಗ್ರಿ ದಾಟುತ್ತದೆ. ಚಳಿ ತಡೆಯಲೆಂದೇ ಕಟ್ಟಿದ ಮನೆಗಳಾದ್ದರಿಂದ ಒಳಗೆ ಸೇರಿದ ಸೆಕೆ ರಾತ್ರಿಯಾದರೂ ಇಳಿಯುವುದಿಲ್ಲ. ಅಂಥ ದಿನಗಳಲ್ಲಿ ನನಗೆ ನೆನಪಾಗುವುದು ಅವ್ವ ಮಾಡುತ್ತಿದ್ದ ಪ್ಯಾಶನ್ ಫ್ರೂಟ್ ಶರಬತ್ತು.

ನಮ್ಮ ಬಚ್ಚಲುಮನೆಯ ಹೆಂಚಿನ ಮೇಲೆ ಹಬ್ಬಿದ್ದ ಬಳ್ಳಿಯಿಂದ ಮಳೆಗಾಲ ಮುಗಿಯುವ ಹೊತ್ತಿಗೆ ನೇರಳೆ ಬಣ್ಣದ ಹಣ್ಣುಗಳು ತಾವಾಗಿಯೇ ಉದುರುತ್ತಿದ್ದವು. ಬೆಳಿಗ್ಗೆ ಎದ್ದು ಅವನ್ನು ಹೆಕ್ಕಿ ತರುವುದು ನನ್ನ ಮತ್ತು ತಮ್ಮನ ಕೆಲಸವಾಗಿತ್ತು. ಅವ್ವ ಪಾಕ ಬೆರೆಸಿ ಸೀಸೆಗಳಿಗೆ ತುಂಬಿಟ್ಟದ್ದನ್ನು, ಹೂಮಳೆ ಬಿದ್ದು ಕಾಫಿ ತೋಟವೆಲ್ಲ ಬೆಳ್ಳಗಾಗುವ ಬೇಸಿಗೆಯ ದಿನಗಳಲ್ಲಿ, ಮನೆಗೆ ಬಂದವರಿಗೆ ತಣ್ಣೀರು ಬೆರೆಸಿ ಕೊಡುತ್ತಿದ್ದರು. 2018ರ ಆಗಸ್ಟ್ ತಿಂಗಳ ಮಳೆಗೆ ಮನೆಯ ಹಿಂದಿನ ಬರೆ ಕುಸಿದಾಗ ಬಚ್ಚಲುಮನೆಯ ಜೊತೆಗೆ ಆ ಬಳ್ಳಿಯೂ ಮಣ್ಣುಪಾಲಾಯಿತು. ಜನರಿಗೆ ಏನೂ ಆಗಲಿಲ್ಲ ಎಂಬುದೇ ನಮಗೆ ದೊಡ್ಡದು. ಅಪ್ಪ, ಅವ್ವ ಈಗ ಕುಶಾಲನಗರದಲ್ಲಿದ್ದಾರೆ.

ಕಳೆದ ಸಲ ಊರಿಗೆ ಬಂದಾಗ ಮಡಿಕೇರಿಯ ಅಂಗಡಿಯಿಂದ ಎರಡು ಸೀಸೆ ಕೊಂಡು, ಒಡೆದೀತೆಂಬ ಭಯದಿಂದ ಕೈಚೀಲದಲ್ಲೇ ಇಟ್ಟುಕೊಂಡಿದ್ದೆ. 100 ಮಿಲಿಲೀಟರಿಗಿಂತ ದೊಡ್ಡ ಸೀಸೆಯನ್ನು ವಿಮಾನದೊಳಗೆ ಬಿಡುವುದಿಲ್ಲವೆಂಬುದು ಆ ಗಡಿಬಿಡಿಯಲ್ಲಿ ನನಗೆ ಹೊಳೆಯಲಿಲ್ಲ; ತಪಾಸಣೆಯಲ್ಲಿ ಎರಡನ್ನೂ ಬಿಟ್ಟು ಬರಬೇಕಾಯಿತು. ಇಲ್ಲಿಗೆ ಬಂದು, ನೇರಳೆ ಹಣ್ಣಿನ ಚಿತ್ರವಿದ್ದ 'ಮಾರಾಕುಯಾ ನೆಕ್ಟರ್' ಎಂಬ ಡಬ್ಬ ತಂದು, ಅವ್ವ ಫೋನಿನಲ್ಲಿ ಹೇಳಿದಷ್ಟೇ ಸಕ್ಕರೆ ಹಾಕಿ ಕುದಿಸಿದೆ. ಬರೀ ಸಿಹಿ, ಜೊತೆಗೆ ಬೇಯಿಸಿದ ಹಣ್ಣಿನ ವಾಸನೆ. ನಾನು ಎಲ್ಲಿ ತಪ್ಪಿದೆ? ಯಾವ ಹಣ್ಣು ಕೊಳ್ಳಬೇಕು, ಹೇಗೆ ಮಾಡಬೇಕು, ತಿಳಿದವರು ದಯವಿಟ್ಟು ಹೇಳಿ.

ಗೋಣಿಕೊಪ್ಪಲಿನವಳು, ಸ್ಟುಟ್‌ಗಾರ್ಟ್:

ತಂಗಿ, ಆ ಡಬ್ಬದ ಚಿತ್ರವನ್ನು ನಂಬಿ ಮೊದಲ ವರ್ಷ ನಾನೂ ಮೋಸಹೋಗಿದ್ದೆ. ಜರ್ಮನ್ನರು ಮಾರಾಕುಯಾ ಎನ್ನುವುದು ಹಳದಿ ಸಿಪ್ಪೆಯ ಹಣ್ಣಿಗೆ. ಅದು ಗಾತ್ರದಲ್ಲಿ ದೊಡ್ಡದು, ರಸವೂ ಹೆಚ್ಚು, ಆದರೆ ಹುಳಿ ಜೋರು. ನಮ್ಮ ಬೆಟ್ಟದ ಕಡೆಯ ನೇರಳೆ ಹಣ್ಣಿನ ಪರಿಮಳ ಅದಕ್ಕಿಲ್ಲ. ಅದಲ್ಲದೆ ಯೂರೋಪಿನ ನಿಯಮದಂತೆ ಈ ಹಣ್ಣಿನ ನೆಕ್ಟರಿನಲ್ಲಿ ಹಣ್ಣಿನ ಪಾಲು ಶೇಕಡಾ 25 ಇದ್ದರೆ ಸಾಕು. ಉಳಿದದ್ದು ಹೆಚ್ಚಾಗಿ ನೀರು ಮತ್ತು ಸಕ್ಕರೆ. ನೀವು ಅದಕ್ಕೆ ಮತ್ತೆ ಸಕ್ಕರೆ ಹಾಕಿದ್ದೀರಿ, ಇನ್ನು ಹಣ್ಣಿನ ರುಚಿ ಎಲ್ಲಿಂದ ಬರಬೇಕು?

ಸೂಪರ್ ಮಾರ್ಕೆಟ್ಟಿನ ಹಣ್ಣಿನ ಸಾಲಿನಲ್ಲಿ ಬಿಡಿಬಿಡಿಯಾಗಿ ಮಾರುವ ಸಣ್ಣ ನೇರಳೆ ಹಣ್ಣನ್ನು ನೋಡಿ. ಹೆಚ್ಚಿನವು ಕೊಲಂಬಿಯಾದಿಂದ ಬರುತ್ತವೆ. ಅಲ್ಲಿಯವರು ಅದನ್ನು ಗುಲುಪಾ ಎನ್ನುತ್ತಾರೆ, ಅದು ನಮ್ಮ ನೇರಳೆ ಹಣ್ಣಿನ ಜಾತಿಯೇ. ನುಣುಪಾಗಿ ಹೊಳೆಯುವ ಹಣ್ಣು ಕಂಡು ತಕ್ಷಣ ಕತ್ತರಿಸಬೇಡಿ. ಸಿಪ್ಪೆ ಸುಕ್ಕುಗಟ್ಟುವವರೆಗೆ ನಾಲ್ಕೈದು ದಿನ ಅಡುಗೆಮನೆಯಲ್ಲಿ ಹೊರಗೇ ಇಟ್ಟರೆ ಹುಳಿ ಇಳಿದು ಪರಿಮಳ ಕೂಡುತ್ತದೆ. ಇಲ್ಲಿಯವರು ಸುಕ್ಕಾದ ಹಣ್ಣನ್ನು ಹಾಳಾಯಿತೆಂದು ಮುಟ್ಟುವುದಿಲ್ಲ, ಅಂಗಡಿಯವರೂ ಅದನ್ನು ಕಡಿಮೆ ಬೆಲೆಗೆ ಕೊಡುತ್ತಾರೆ. ನಾನು ಕಾದು ಕೊಳ್ಳುವುದೇ ಅವನ್ನು. ಕೈಯಲ್ಲಿ ಹಿಡಿದಾಗ ಭಾರವಿರಬೇಕು ಅಷ್ಟೆ. ಹಗುರವಾಗಿದ್ದರೆ ಒಳಗೆ ಒಣಗಿದೆ ಎಂದು ತಿಳಿಯಿರಿ.

ತೋಟದ ಮನೆ, ಚೆಟ್ಟಳ್ಳಿ:

ಹಣ್ಣಿನ ವಿಷಯವನ್ನು ಅಕ್ಕ ಸರಿಯಾಗಿ ಹೇಳಿದ್ದಾರೆ. ನಮ್ಮ ಚೆಟ್ಟಳ್ಳಿಯಲ್ಲಿರುವ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಈ ನೇರಳೆ ಮತ್ತು ಹಳದಿ ಎರಡನ್ನೂ ಕೂಡಿಸಿ 'ಕಾವೇರಿ' ಎಂಬ ತಳಿಯನ್ನು ಮಾಡಿದ್ದಾರೆ; ಇಳುವರಿಗೆ ಅದು ಒಳ್ಳೆಯದು. ಆದರೂ ನಮ್ಮ ಮನೆಯಲ್ಲಿ ಶರಬತ್ತಿಗೆ ಹಳೆಯ ನೇರಳೆ ಬಳ್ಳಿಯ ಹಣ್ಣನ್ನೇ ಎತ್ತಿಡುತ್ತೇವೆ.

ನಿಮ್ಮ ಎರಡನೆಯ ತಪ್ಪು ರಸವನ್ನು ಕುದಿಸಿದ್ದು. ಈ ಹಣ್ಣಿನ ಪರಿಮಳ ಬೆಂಕಿಯನ್ನು ತಾಳುವುದಿಲ್ಲ, ಹಬೆಯ ಜೊತೆಗೆ ಹೊರಟುಹೋಗುತ್ತದೆ. ಜೊತೆಗೆ ರಸದಲ್ಲಿ ಪಿಷ್ಟ ಹೆಚ್ಚಾಗಿರುವುದರಿಂದ ಕುದಿಸಿದಾಗ ಗಂಜಿಯ ಹಾಗೆ ಮಂದವಾಗಿ ತಳ ಹಿಡಿಯುತ್ತದೆ. ನಿಮ್ಮ ಅವ್ವ ಕುದಿಸಲು ಹೇಳಿದ್ದು ಸಕ್ಕರೆಯ ಪಾಕವನ್ನು ಇರಬೇಕು. ಅವರು ಹೇಳಿದ್ದನ್ನು ಇನ್ನೊಮ್ಮೆ ಕೇಳಿ ನೋಡಿ.

ನಮ್ಮ ಮನೆಯ ಅಳತೆ ಹೀಗಿದೆ: ಸೋಸಿದ ರಸ 1 ಲೀಟರ್ ಇದ್ದರೆ ನೀರು 1 ಲೀಟರ್, ಸಕ್ಕರೆ ಒಂದೂಮುಕ್ಕಾಲು ಕಿಲೋ. ನಿಮಗೆ ಅಷ್ಟು ಹಣ್ಣು ಸಿಗಲಾರದು. ಕಾಲು ಲೀಟರ್ ರಸಕ್ಕೆ ಕಾಲು ಲೀಟರ್ ನೀರು ಮತ್ತು 440 ಗ್ರಾಂ ಸಕ್ಕರೆಯ ಲೆಕ್ಕದಲ್ಲಿ ಮಾಡಿ. ನೀರು, ಸಕ್ಕರೆ ಕುದಿದು ಸಕ್ಕರೆ ಪೂರ್ತಿ ಕರಗಿದೊಡನೆ ಒಲೆ ಆರಿಸಿ, ಬೆರಳಿಟ್ಟು ನೋಡಿದರೆ ತಣ್ಣಗಿರುವಷ್ಟು ಆರಲು ಬಿಡಿ. ಹಣ್ಣನ್ನು ಅಡ್ಡಕ್ಕೆ ಕತ್ತರಿಸಿ, ತಿರುಳನ್ನು ಚಮಚದಿಂದ ತೆಗೆದು, ಜರಡಿಯ ಮೇಲೆ ಹಾಕಿ ಚಮಚದ ಬೆನ್ನಿನಿಂದ ಉಜ್ಜುತ್ತಾ ಹೋದರೆ ಬೀಜದ ಸುತ್ತಲಿನ ಲೋಳೆ ಬಿಟ್ಟುಕೊಂಡು ರಸ ಇಳಿಯುತ್ತದೆ. ಇದಕ್ಕೆ ತಾಳ್ಮೆ ಬೇಕು, ಇಪ್ಪತ್ತು ಹಣ್ಣಿಗೆ ಅರ್ಧ ಗಂಟೆಯಾದರೂ ಹಿಡಿಯುತ್ತದೆ. ಬೇಗ ಆಗಲೆಂದು ಮಿಕ್ಸಿಗೆ ಹಾಕಿ ತಿರುಗಿಸಿದರೆ ಬೀಜ ಒಡೆದು ಕಹಿಯಾಗುತ್ತದೆ, ರಸದ ತುಂಬಾ ಕರಿ ಚೂರು ಉಳಿಯುತ್ತದೆ. ಕೊನೆಗೆ ಆರಿದ ಪಾಕಕ್ಕೆ ರಸ ಸೇರಿಸಿ, ಬೇಕಿದ್ದರೆ ನೋಟಕ್ಕೆ ಒಂದು ಚಮಚ ಇಡೀ ಬೀಜ ಬಿಡಿ.

ಅಂಗಡಿಯ ಸೀಸೆಯಲ್ಲಿ ಕೆಡದಂತೆ ಇಡುವ ಪುಡಿ ಹಾಕಿರುತ್ತಾರೆ. ನೀವು ಹಾಕುವುದು ಬೇಡ. ಕುದಿನೀರಿನಲ್ಲಿ ತೊಳೆದು ಒಣಗಿಸಿದ ಸೀಸೆಗೆ ತುಂಬಿ, ಫ್ರಿಜ್ಜಿನಲ್ಲಿಟ್ಟು ಎರಡು ಮೂರು ವಾರದೊಳಗೆ ಮುಗಿಸಿ. ಗುಳ್ಳೆ ಎದ್ದರೆ ಚೆಲ್ಲಿಬಿಡಿ. ಕುಡಿಯುವಾಗ ಒಂದು ಪಾಲಿಗೆ ಮೂರು ಪಾಲು ತಣ್ಣೀರು, ಉಗುರಿನ ತುದಿಯಷ್ಟು ಉಪ್ಪು.

ಇನ್ನೊಂದು ಮಾತು. ಈ ಬಳ್ಳಿ ತುಂಡಿನಿಂದಲೂ ಚಿಗುರುತ್ತದೆ. ನಿಮ್ಮ ತಮ್ಮ ಈ ಕಡೆ ಬರುವುದಿದ್ದರೆ ಮಳೆ ಹಿಡಿಯುವ ಮೊದಲು ಬರಲಿ, ನಾಲ್ಕು ಗೆಣ್ಣಿರುವ ತುಂಡುಗಳನ್ನು ಕೊಟ್ಟು ಕಳಿಸುತ್ತೇನೆ. ಬಳ್ಳಿ ಕುಶಾಲನಗರದಲ್ಲಿ ಬೆಳೆದರೂ ನಿಮ್ಮ ಅವ್ವನ ಕೈಗೆ ಹಣ್ಣು ಸಿಕ್ಕಂತಾಗುತ್ತದೆ.

ಪೊನ್ನಂಪೇಟೆಯವನು, ಮೆಲ್ಬರ್ನ್:

ಇಲ್ಲಿ ನಮಗೆ ಆ ಕಷ್ಟವಿಲ್ಲ. ಆಸ್ಟ್ರೇಲಿಯಾದಲ್ಲಿ ಎಷ್ಟೋ ಮನೆಗಳ ಬೇಲಿಯ ಮೇಲೆ ನೇರಳೆ ಹಣ್ಣಿನ ಬಳ್ಳಿ ಇರುತ್ತದೆ, ನಮ್ಮ ಮನೆಯಲ್ಲೂ ಇದೆ. ಹಣ್ಣು ಅಗ್ಗವಾಗಿ ಸಿಕ್ಕಾಗ ಹೆಚ್ಚು ಕೊಂಡು, ತಿರುಳನ್ನು ಐಸ್ ಟ್ರೇಯಲ್ಲಿ ಗಟ್ಟಿಮಾಡಿ ಚೀಲಕ್ಕೆ ತುಂಬಿಡಿ. ತಿಂಗಳುಗಟ್ಟಲೆ ಪರಿಮಳ ಕೆಡುವುದಿಲ್ಲ. ಬೇಕಾದಾಗ ಎರಡು ತುಂಡು ತೆಗೆದು ಪಾಕಕ್ಕೆ ಹಾಕಿದರಾಯಿತು. ಏನೂ ಮಾಡಲು ಪುರುಸೊತ್ತಿಲ್ಲದ ದಿನಕ್ಕೆ ಶ್ರೀಲಂಕಾದವರ ಅಂಗಡಿಯಲ್ಲಿ ವಿಚಾರಿಸಿ. ಅವರಿಗೂ ಇದು ಮನೆಯ ಪಾನೀಯ, ಅವರ ಪ್ಯಾಶನ್ ಫ್ರೂಟ್ ಕಾರ್ಡಿಯಲ್ ನಮ್ಮ ಮಡಿಕೇರಿಯ ಸೀಸೆಗೆ ಬಹಳ ಹತ್ತಿರವಿದೆ. ಮುಂದಿನ ಸಲ ಊರಿನಿಂದ ತರುವುದಾದರೆ ಪ್ಲಾಸ್ಟಿಕ್ ಬಾಟಲಿಯದ್ದನ್ನೇ ಕೊಂಡು, ಬಟ್ಟೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯೊಳಗೆ ಇಡಿ.

ಮಕ್ಕಂದೂರಿನ ಮಗಳು, ಹ್ಯಾಂಬರ್ಗ್:

ನಿಮ್ಮೆಲ್ಲರಿಗೂ ನಾನು ಋಣಿ. ಇಪ್ಪತ್ತೆರಡು ಹಣ್ಣು ತಂದು, ಐದು ದಿನ ಕಿಟಕಿಯ ಬಳಿ ಇಟ್ಟು, ಸುಕ್ಕಾದ ಮೇಲೆ ನಿನ್ನೆ ಮಾಡಿದೆ. ಕಾಲು ಲೀಟರಿಗೆ ಸ್ವಲ್ಪ ಕಡಿಮೆ ರಸ ಬಂತು. ಜರಡಿಯ ಮೇಲೆ ಉಜ್ಜುತ್ತಿದ್ದಾಗಲೇ ಅಡುಗೆಮನೆಗೆಲ್ಲ ನಮ್ಮ ಬಚ್ಚಲುಮನೆಯ ಹಿಂದಿನ ವಾಸನೆ ಬಂದು, ಕೆಲಸ ನಿಲ್ಲಿಸಿ ಒಂದು ನಿಮಿಷ ಕುಳಿತುಬಿಟ್ಟೆ. ಅವ್ವನನ್ನು ಮತ್ತೆ ಕೇಳಿದ್ದಕ್ಕೆ, ಕುದಿಸಲು ಹೇಳಿದ್ದು ಪಾಕವನ್ನೇ, ರಸವನ್ನು ಒಲೆಯ ಹತ್ತಿರವೂ ತರಬಾರದು ಎಂದರು. ಚೆಟ್ಟಳ್ಳಿಯ ಅಣ್ಣ ಹೇಳಿದ್ದು ಸರಿಯಾಯಿತು. ವೀಡಿಯೊ ಕರೆಯಲ್ಲಿ ಲೋಟವನ್ನು ಬೆಳಕಿಗೆ ಹಿಡಿದು ತೋರಿಸಿದೆ. ಬಣ್ಣ ಸರಿಯಿದೆ, ಬೀಜ ಸ್ವಲ್ಪ ಹೆಚ್ಚಾಯಿತು ಎಂದರು.

ಅಣ್ಣ, ತಮ್ಮ ಬರುವ ಭಾನುವಾರ ಚೆಟ್ಟಳ್ಳಿಗೆ ಬರುತ್ತಾನೆ. ನೇರಳೆ ಬಳ್ಳಿಯದ್ದೇ ತುಂಡು ಬೇಕೆಂದು ಅವ್ವ ನೆನಪಿಸಿ ಹೇಳಿದ್ದಾರೆ.